ಸಾಯಲು ಒಪ್ಪದ ಸೈನ್ಯ

ಹುಟ್ಟಿದವನಿಗೆ ಸಾವು ತಪ್ಪಿದ್ದಲ್ಲ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಮಾತು ಹೇಳುವಾಗ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುವುದು ಪಕ್ಕದ ಮನೆಯವರು. ಇದು ನನ್ನ ವೇದಾಂತವಲ್ಲ, ಹೊಟ್ಟೆಪಾಡಿನ ಅನುಭವ. ಮಾಗಡಿಯಲ್ಲಿ ನಾನು ಜೀವವಿಮೆ ಏಜೆಂಟ್. ಯಾರದೋ ಜಗಲಿಯ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, "ನಾಳೆ ನಿಮಗೇನಾದರೂ ಹೆಚ್ಚುಕಡಿಮೆ ಆದರೆ..." ಎಂದು ರಾಗ ತೆಗೆದರೆ ಸಾಕು, "ನನಗ್ಯಾಕಯ್ಯಾ ಆಯ್ತದೆ? ನಿನಗೇ ಆಗ್ಲಿ" ಎಂದು ಲೋಟ ಕಿತ್ತುಕೊಂಡವರಿದ್ದಾರೆ. ಇಂಥವರನ್ನು ಕಂಡು ಇಷ್ಟು ವರ್ಷ ಒಳಗೊಳಗೇ ನಗುತ್ತಿದ್ದೆ. ಕಡೆಗೆ ಒಂದು ಭಾನುವಾರ, ಊರ ಜನರೆಲ್ಲರ ಎದುರಿಗೆ, ಮೈಕಿನಲ್ಲಿ ಹೆಸರು ಕೂಗಿಸಿಕೊಂಡು ನಾನೇ ಸಾಯಬೇಕಾಗಿ ಬಂತು. ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಇದಕ್ಕೆಲ್ಲ ಮೂಲ ನಂಜೇಗೌಡ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸೀಟಿ ಮಾತ್ರ ಇನ್ನೂ ಕೊರಳಿನಲ್ಲೇ ಇದೆ. ಅವರ ಮೊಬೈಲಿಗೆ ಯಾರೋ ಒಂದು ವೀಡಿಯೊ ಕಳಿಸಿದ್ದರು. ಅದರಲ್ಲಿ ಯಾವುದೋ ದೇಶದ ಜನ, ವಾರವೆಲ್ಲ ಆಫೀಸಿಗೆ ಹೋಗುವ ಸಭ್ಯ ಗೃಹಸ್ಥರು, ಶನಿವಾರ ಬಂತೆಂದರೆ ಹಳೆಯ ಕಾಲದ ಕವಚ ತೊಟ್ಟು, ಕತ್ತಿ ಗುರಾಣಿ ಹಿಡಿದು ಒಬ್ಬರನ್ನೊಬ್ಬರು ಬಡಿಯುತ್ತಾರೆ. ಆಮೇಲೆ ಡೇರೆ ಹಾಕಿ, ಸೌದೆ ಒಲೆಯಲ್ಲಿ ಬೇಯಿಸಿ ತಿಂದು, ಬಯಲಲ್ಲೇ ಮಲಗುತ್ತಾರೆ. ಮೇಷ್ಟ್ರು ಸಂಜೆ ವಾಕಿಂಗಿನ ಗುಂಪಿಗೆ ಇದನ್ನು ತೋರಿಸಿ, "ನೋಡ್ರಯ್ಯಾ, ಅವರ ತಾತಂದಿರ ಯುದ್ಧನ ಅವರು ಮಾಡ್ತಾವ್ರೆ. ನಮ್ ತಾತಂದಿರೇನು ಕಡ್ಲೆಕಾಯಿ ಸುಲೀತಾ ಕೂತಿದ್ರಾ? ಪಾಳೇಗಾರರ ಕಾಲದಲ್ಲಿ ಈ ಮಾಗಡೀಲಿ ಕತ್ತಿ ಹಿಡೀದೆ ಇದ್ದೋನು ಯಾವನವ್ನೆ?" ಎಂದರು. ನನಗೆ ತಿಳಿದಂತೆ ನನ್ನ ತಾತ ಕತ್ತಿ ಹಿಡಿದದ್ದು ಹಲಸಿನಹಣ್ಣು ಕೊಯ್ಯಲು ಮಾತ್ರ, ಅದೂ ಮೊಣಕೈವರೆಗೆ ಎಣ್ಣೆ ಸವರಿಕೊಂಡು. ಆದರೂ ಎಲ್ಲರ ತಾತಂದಿರೂ ವೀರರಾಗುತ್ತಿರುವಾಗ ನನ್ನ ತಾತನೊಬ್ಬನನ್ನು ಹಿಂದೆ ಬಿಡುವುದು ನ್ಯಾಯವಲ್ಲವೆಂದು ನಾನೂ ಸೇರಿಕೊಂಡೆ. ಡಾಕ್ಟರು ಹೇಗೂ ಹಗುರವಾದ ವ್ಯಾಯಾಮ ಮಾಡಿ ಎಂದಿದ್ದರು. ಮರದ ಕತ್ತಿ ಹಗುರವೇ.

ಕತ್ತಿಗಳನ್ನು ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರಿಗೆ ಹೇಳಿದೆವು. ಬಂದ ಮೇಲೆ ನೋಡಿದರೆ ಒಂದು ಕೆಂಪು, ಒಂದು ಹಳದಿ, ಒಂದು ಗಿಳಿಹಸಿರು. ಅರಗಿನ ಬಣ್ಣ ಮಿರಮಿರ ಮಿಂಚುತ್ತಿದೆ. ತುದಿಯಂತೂ ಬದನೆಕಾಯಿಯ ಹಾಗೆ ಉರುಟು. ಇದೇನು ಎಂದು ಕೇಳಿದರೆ ಅವರು, "ಚೂಪಾಗಿರೋ ಸಾಮಾನು ನಮ್ ಕೈಯಿಂದ ಆಚೆಗೆ ಹೋಗಕಿಲ್ಲ ಸ್ವಾಮಿ. ಮಗ ಬಾಯಿಗಿಟ್ಕಂಡ್ರೆ?" ಎಂದರು. ನಮ್ಮ ಸೈನ್ಯದಲ್ಲಿ ಐವತ್ತು ದಾಟದ ಮಗು ಒಂದೂ ಇರಲಿಲ್ಲ. ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವ ಲೋಕೇಶ ತಂತಿಯ ಉಂಗುರಗಳನ್ನು ಒಂದಕ್ಕೊಂದು ಹೆಣೆದು ಮೇಷ್ಟ್ರಿಗೆ ಕಬ್ಬಿಣದ ಅಂಗಿಯನ್ನೇ ಮಾಡಿಕೊಟ್ಟ. ತೊಡುವುದು ಸುಲಭ, ಬಿಚ್ಚಬೇಕಾದರೆ ಮೇಷ್ಟ್ರು ಬಾಗಿ ನಿಲ್ಲಬೇಕು, ಇಬ್ಬರು ಎದುರಿಗೆ ನಿಂತು ಎಳೆಯಬೇಕು. ಉಳಿದವರಿಗೆ ಅಷ್ಟು ಯೋಗ್ಯತೆ ಇಲ್ಲದ್ದರಿಂದ ಒಳಗೆ ತುಂಬಿ ಹೊಲಿದ ದಪ್ಪ ಕೋಟು. ಅದನ್ನು ಹೊಲಿದವಳು ನನ್ನ ಹೆಂಡತಿ ರತ್ನ. ಹತ್ತಿ ಏಕೆಂದು ನಾನೇ ಬುದ್ಧಿವಂತಿಕೆ ತೋರಿಸಿ, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಉಳಿಯುವ ಕಸನೂಲನ್ನು ಮೂಟೆ ಕಟ್ಟಿಸಿ ತಂದೆ. ಏಟು ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ಎಷ್ಟು ಒಣಗಿಸಿದರೂ ಬೆಂದ ಹುಳುವಿನ ವಾಸನೆ ಹೋಗಲಿಲ್ಲ. ನಮ್ಮ ಸೈನ್ಯ ಎಲ್ಲಿಗೆ ನಡೆದರೂ ಹಿಂದೆ ಬೀದಿನಾಯಿಗಳ ಇನ್ನೊಂದು ಸೈನ್ಯ ಬಾಲ ಅಲ್ಲಾಡಿಸುತ್ತ ಬರುತ್ತಿತ್ತು.

ಮೊದಲ ಶಿಬಿರ ಅಕ್ಕೂರಿನ ಕಡೆಯ ಒಂದು ಮಾವಿನ ತೋಟದಲ್ಲಿ. ಡೇರೆ ಹೊಲಿದದ್ದು ಲಾರಿಗಳ ಟಾರ್ಪಾಲು ಹೊಲಿಯುವವನು, ಹೊಲಿದದ್ದೂ ಹಳೆಯ ಟಾರ್ಪಾಲಿನಲ್ಲೇ. ಆದ್ದರಿಂದ ಪಾಳೇಗಾರರ ಡೇರೆಯ ಹಿಂಭಾಗದಲ್ಲಿ ಲಾರಿ ಮಾಲೀಕನ ಹೆಸರು ಅಳಿಸದೆ ಉಳಿದಿತ್ತು. ಮುದ್ದೆ ಬೆಂದು ಇನ್ನೇನು ಉಣ್ಣಲು ಕೂರಬೇಕು, ಆಚೆ ಬದಿಯ ತೋಟದಿಂದ ಯಾರೋ "ಆನೆ ಬಂದೈತೆ!" ಎಂದು ಕೂಗಿದರು. ನಮ್ಮ ಕಡೆ ಇದು ಹುಡುಗಾಟದ ಮಾತಲ್ಲ. ಇಡೀ ಸೈನ್ಯ ಕತ್ತಿ ಗುರಾಣಿ ಅಲ್ಲಲ್ಲೇ ಎಸೆದು ಮೇಷ್ಟ್ರ ಕಾರಿಗೆ ನುಗ್ಗಿತು. ಕೋಟುಗಳ ದಪ್ಪಕ್ಕೆ ಇಬ್ಬರು ಕೂರುವಲ್ಲಿ ಒಬ್ಬನೇ. ಹೊರಗುಳಿದವರು ಕಿಟಕಿ ಹಿಡಿದು ನೇತಾಡುತ್ತಿದ್ದಾಗ ಬಂದದ್ದು ಟ್ರ್ಯಾಕ್ಟರು. ಮೇಷ್ಟ್ರು ಇಳಿದು ಮೀಸೆ ಒರೆಸಿಕೊಂಡು, ಹಿಮ್ಮೆಟ್ಟುವುದೂ ಯುದ್ಧದ ಒಂದು ಪಟ್ಟು ಎಂದು ಪಾಠ ಮಾಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಿಜವಾದ ತೊಂದರೆ ಶುರುವಾದದ್ದು ಯುದ್ಧದ ನಿಯಮದಿಂದ. ಆ ವೀಡಿಯೊದವರದೇ ನಿಯಮ, ಬಹಳ ಸರಳ: ಏಟು ಎದೆಗೋ ಬೆನ್ನಿಗೋ ಸರಿಯಾಗಿ ಬಿದ್ದರೆ, ತಿಂದವನೇ ಒಪ್ಪಿಕೊಂಡು ನೆಲಕ್ಕೆ ಉರುಳಬೇಕು. ತೀರ್ಪುಗಾರರಿಲ್ಲ, ಅವನವನ ಆತ್ಮಸಾಕ್ಷಿಯೇ ತೀರ್ಪುಗಾರ. ಈ ನಿಯಮ ಮಾಡಿದವರು ನಮ್ಮ ಕಡೆ ಹೊಲದ ಬದುವಿನ ಮೇಲೆ ಒಂದು ದಿನವೂ ನಿಂತವರಲ್ಲ ಎಂಬುದು ಮೊದಲ ಅಭ್ಯಾಸದಲ್ಲೇ ಗೊತ್ತಾಯಿತು. ಹಿಟ್ಟಿನ ಗಿರಣಿಯ ಪುಟ್ಟಸ್ವಾಮಿ ಲೋಕೇಶನ ಎದೆಗೆ ದಬ್ಬೆಂದು ಬಾರಿಸಿ, "ತಗುಲ್ತು ಕಣ್ಲಾ, ಬೀಳ್ಲಾ!" ಎಂದ.

"ಎಲ್ಲಿ ತಗುಲ್ತು? ಕೋಟಿಗೆ ತಗುಲ್ತು. ನನಗೆ ತಗುಲಿಲ್ಲ" ಎಂದ ಲೋಕೇಶ.

"ಕೋಟೊಳಗೆ ಇನ್ಯಾವನ್ಲಾ ಅವ್ನೆ?"

"ಯಾವನಾದ್ರೂ ಇರ್ಲಿ. ನಾನಂತೂ ಬೀಳಕಿಲ್ಲ."

ಸಂಜೆಯಾದರೂ ಒಂದು ಹೆಣ ಬೀಳಲಿಲ್ಲ. ಯುದ್ಧವೇನೋ ಗಂಟೆಗಟ್ಟಲೆ ನಡೆಯಿತು, ಆದರೆ ಬರಿಯ ಬಾಯಲ್ಲಿ. ಅದನ್ನು ನೋಡಲು ಪಾಳೇಗಾರರ ಕಾಲಕ್ಕೆ ಹೋಗಬೇಕಿರಲಿಲ್ಲ, ಸಂತೆಗೆ ಹೋದರೂ ಸಾಕಿತ್ತು. ಶಾಲೆಯ ಬಯಲಿನಲ್ಲಿ ಪ್ರದರ್ಶನ ಕೊಡುವುದಾಗಿ ಊರಿಗೆಲ್ಲ ಹೇಳಿಯಾಗಿತ್ತು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು, "ಯಾರಾದ್ರೂ ಒಬ್ರು ಮೊದ್ಲು ಸತ್ರೆ ಮಿಕ್ಕೋರ್ಗೂ ಧೈರ್ಯ ಬತ್ತದೆ" ಎಂದರು. ಎಲ್ಲರೂ ನೆಲ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ ಬಂದಾಗ ಎಲ್ಲರಿಗೂ ನೆನಪಾಗುವ ಮುಖ ನನ್ನದು. "ಏಜೆಂಟ್ರು ಸಾಯ್ಲಿ ಬುಡಿ. ಅವರಿಗೆ ಅದರ ವಿಷ್ಯ ಚೆನ್ನಾಗಿ ಗೊತ್ತು" ಎಂದ ಪುಟ್ಟಸ್ವಾಮಿ. ಅವನ ಕೈಯಲ್ಲೇ ಸಾಯುವುದೆಂದು ತೀರ್ಮಾನವಾಯಿತು. ಮೊದಲು ಹುತಾತ್ಮನಾಗುವುದರಲ್ಲಿ ಒಂದು ಗತ್ತಿದೆ ಎಂದುಕೊಂಡು ನಾನೂ ಒಪ್ಪಿದೆ.

ಮನೆಯಲ್ಲಿ ಹೇಳಿದಾಗ ರತ್ನ ಮೊರದಲ್ಲಿ ಹುರುಳಿಕಾಳು ಕೇರುತ್ತಿದ್ದಳು. ಮೊರ ನಿಂತಿತು. "ಮಟಮಟ ಮಧ್ಯಾಹ್ನ, ಊರೋರ್ ಮುಂದೆ, ಮನೆ ಯಜಮಾನ ಹೆಣದಂಗೆ ಮಲಗೋದಾ?"

"ಆಟ ಕಣೇ" ಎಂದೆ.

"ಆಟ ಆದ್ರೆ ಗೆಲ್ಲಿ, ಬ್ಯಾಡ ಅಂದೋರ್ಯಾರು? ಬಿದ್ದೀರಾ, ನೋಡಿ ಮತ್ತೆ."

ನಾನು ವೃತ್ತಿಯ ವಾಕ್ಚಾತುರ್ಯವನ್ನೆಲ್ಲ ಖರ್ಚು ಮಾಡಿದೆ. ಸಾವು ಯಾರನ್ನು ಬಿಟ್ಟಿದೆ, ಅದಕ್ಕೆ ಅಂಜಬಾರದು, ಇತ್ಯಾದಿ. "ಆ ಮಾತೆಲ್ಲ ಪಾಲಿಸಿ ಮಾಡ್ಸೋರತ್ರ ಮಡಿಕ್ಕಳಿ" ಎಂದು ಎದ್ದು ಒಳಗೆ ಹೋದಳು. ಹೆಂಗಸರ ಅಪಶಕುನದ ಭಯ ಎಂದುಕೊಂಡೆ ನಾನು. ಇಲ್ಲಿ ಒಂದು ಮಾತು ಹೇಳಬೇಕು. ಎರಡು ವರ್ಷದ ಹಿಂದೆ ನನಗೆ ಎದೆನೋವು ಬಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಏನೋ ತೂರಿಸಿ ಬದುಕಿಸಿದ್ದರು. ನನ್ನ ಪಾಲಿಗೆ ಅದು ಮುಗಿದ ಕಥೆ ಮಾತ್ರವಲ್ಲ, ಒಳ್ಳೆಯ ಬಂಡವಾಳ. ಗಿರಾಕಿಗಳ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ, ಒಂದೊಂದು ಸಲಕ್ಕೂ ಡಾಕ್ಟರ ಆಶ್ಚರ್ಯ ಹೆಚ್ಚುತ್ತ ಬಂದು ಈಗೀಗ ಅವರು ಕಣ್ಣೀರನ್ನೂ ಒರೆಸಿಕೊಳ್ಳುತ್ತಾರೆ. ರತ್ನ ಮಾತ್ರ ಆ ಸುದ್ದಿಯನ್ನು ಒಂದು ದಿನವೂ ಎತ್ತಿದವಳಲ್ಲ. ನಾನು ಕಥೆ ಶುರುಮಾಡಿದರೆ ಹಾಲು ಉಕ್ಕಿತು ಎಂದು ಒಳಗೆ ಹೋಗುತ್ತಿದ್ದಳು. ಇಷ್ಟು ದಿನ ಅಷ್ಟೊಂದು ಹಾಲು ಹೇಗೆ ಉಕ್ಕಿತು ಎಂದು ನಾನು ಯೋಚಿಸಿದವನೇ ಅಲ್ಲ.

ಮಾರನೆಯ ದಿನ ನೋಡಿದರೆ ನನ್ನ ಕೋಟಿನ ಹೊಲಿಗೆ ಬಿಚ್ಚಿ, ಎಡ ಎದೆಯ ಮೇಲೆ ಇನ್ನೂ ಒಂದು ಮುಷ್ಟಿ ನೂಲು ತುರುಕಿ ಹೊಲಿದಿದ್ದಳು. ತೊಟ್ಟರೆ ಒಂದು ಕಡೆ ದಿಂಬು ಕಟ್ಟಿಕೊಂಡ ಹಾಗೆ ಕಾಣುತ್ತಿತ್ತು. ಗೆಳೆಯರ ಮುಂದೆ, "ನಮ್ಮವಳಿಗೆ ಎಡ ಬಲ ಸಮ ಮಾಡಿ ಹೊಲಿಯಲು ಬರುವುದಿಲ್ಲ" ಎಂದು ನಕ್ಕೆ. ದಡ್ಡತನಕ್ಕೆ ವಿಮೆ ಇದ್ದಿದ್ದರೆ ಮೊದಲ ಪಾಲಿಸಿ ನನ್ನದೇ ಆಗಬೇಕಿತ್ತು. ಕಡೆಗೆ ಮೇಷ್ಟ್ರಿಗೆ ಸಾಯುತ್ತೇನೆಂದೂ ರತ್ನಳಿಗೆ ಸಾಯುವುದಿಲ್ಲವೆಂದೂ ಮಾತು ಕೊಟ್ಟು, ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಭಾನುವಾರ ರಣರಂಗಕ್ಕೆ ಇಳಿದೆ.

ಬಯಲಿನ ಸುತ್ತ ಹಗ್ಗ ಕಟ್ಟಿ ಜನ ತುಂಬಿದ್ದರು. ಕಡಲೆಕಾಯಿ, ಐಸ್‌ಕ್ಯಾಂಡಿ, ಮಾಮೂಲಿನ ನಾಯಿಗಳು, ಎಲ್ಲ ಇದ್ದವು. ಸೀಟಿ ಊದಿದ್ದೇ ತಡ ಪುಟ್ಟಸ್ವಾಮಿ ಹಳದಿ ಕತ್ತಿ ಬೀಸಿಕೊಂಡು ಬಂದು ನನ್ನ ಬಲ ಭುಜಕ್ಕೊಂದು, ಬೆನ್ನಿಗೊಂದು ಕೊಟ್ಟ. ಬೀಳಬೇಕು. ಮೊಣಕಾಲು ಬಗ್ಗಿಸಿದೆ. ಹಗ್ಗದಾಚೆ ರತ್ನ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಾಳೆ. ಮೊಣಕಾಲು ತಾನಾಗಿ ನೆಟ್ಟಗಾಯಿತು.

"ಏಜೆಂಟ್ರೇ, ಬೀಳಿ" ಎಂದು ಪಿಸುಗುಟ್ಟಿದ ಪುಟ್ಟಸ್ವಾಮಿ.

"ಒಸಿ ತಡಿಯಯ್ಯಾ."

ಮತ್ತೆ ಹೊಡೆದ. ಮತ್ತೆ ನಿಂತೆ. "ಬೀಳಿ ಅಂದ್ರೆ! ನಾನಿನ್ನೂ ಇಬ್ರನ್ನ ಕೊಲ್ಲಬೇಕು" ಎಂದು ಗೋಗರೆದ. ಜನ ಶಿಳ್ಳೆ ಹೊಡೆದರು. ಉಳಿದವರೆಲ್ಲ ಯುದ್ಧ ನಿಲ್ಲಿಸಿ, ಕತ್ತಿ ಊರಿಕೊಂಡು ನಮ್ಮನ್ನೇ ನೋಡತೊಡಗಿದರು. ಮೇಷ್ಟ್ರು ಮೈಕಿನಲ್ಲಿ, "ಏಜೆಂಟ್ರು ದಯವಿಟ್ಟು ಸಾಯಬೇಕು, ಟೈಮಾಗ್ತಾ ಐತೆ" ಎಂದರು. ಪುಟ್ಟಸ್ವಾಮಿಗೆ ಈಗ ಮಾನದ ಪ್ರಶ್ನೆ. ಗಿರಣಿಯಲ್ಲಿ ಮೂಟೆ ಎತ್ತುವ ಕೈ. ಆಟ ಮರೆತು ಬಡಿಯಲು ನಿಂತ. ಉರುಟು ತುದಿಯಾದರೂ ಮರ ಮರವೇ. ನನ್ನ ಕಣ್ಣಲ್ಲಿ ನೀರು ಬಂತು, ಕಾಲು ಮಾತ್ರ ಬಗ್ಗಲಿಲ್ಲ. ಆಗ ಇಡೀ ಬಯಲಿಗೆ ಕೇಳುವಂತೆ ರತ್ನಳ ದನಿ ಬಂತು:

"ಅಯ್ಯೋ, ಸಾಯ್ರೀ ಅತ್ಲಾಗೆ! ಯಾಕಂಗೆ ಏಟು ತಿಂತಾ ನಿಂತಿದ್ದೀರಿ!"

ನಮ್ಮ ದಾಂಪತ್ಯದಲ್ಲಿ ಅವಳ ಮಾತನ್ನು ಅಷ್ಟು ಬೇಗ ನಡೆಸಿಕೊಟ್ಟದ್ದು ಅದೇ ಮೊದಲು. ಕಡಿದ ಬಾಳೆಗಿಡದಂತೆ ಬಿದ್ದೆ. ಊರಿಗೆ ಊರೇ ನಕ್ಕಿತು. ನನ್ನನ್ನು ನೋಡಿ ಮಿಕ್ಕವರೂ ದಡಬಡ ಉರುಳಿದ ಸದ್ದು ಕೇಳಿಸಿತು. ಕಣ್ಣು ಮುಚ್ಚಿ ಮಲಗಿದ್ದವನ ಪಕ್ಕದಲ್ಲಿ ಯಾರೋ ಕುಕ್ಕರಿಸಿ ಕೂತರು. ಬಳೆಯ ಸದ್ದಿನಿಂದ ಗೊತ್ತಾಯಿತು. ನನ್ನ ಎಡ ಎದೆಯ ಆ ದಪ್ಪ ಹೊಲಿಗೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದಳು: "ಆಸ್ಪತ್ರೇಲೂ ಇಂಗೇ ಮಲಗಿದ್ರಿ. ಕರೆದ್ರೆ ಓ ಅನ್ನಲಿಲ್ಲ. ಆ ಮೊಕ ಒಂದ್ಸಲ ನೋಡಿವ್ನಿ, ಸಾಕು ನಂಗೆ."

ಸತ್ತವರು ಸೀಟಿ ಊದುವವರೆಗೆ ಮಾತಾಡಬಾರದೆಂಬುದು ನಿಯಮ. ಜೀವಮಾನವೆಲ್ಲ ಮಾತು ಮಾರಿ ಬದುಕಿದವನಿಗೆ ಅಂದು ಆ ನಿಯಮದಿಂದ ಬಹಳ ಉಪಕಾರವಾಯಿತು. ಅವಳ ಕೈಯನ್ನು ಹುಡುಕಿ ಹಿಡಿದುಕೊಂಡೆ. ಹೆಣದ ಕೈ ಅಲುಗಾಡಿತೆಂದು ಯಾರೂ ತಕರಾರು ಮಾಡಲಿಲ್ಲ.

ಇನ್ನು ಈ ಸಹವಾಸ ಮುಗಿಯಿತು ಎಂದುಕೊಂಡೆ. ಆದರೆ ಅಂದು ಸಂಜೆ ಮನೆಯಲ್ಲಿ ಸ್ನಾನಕ್ಕೆ ನೀರು ತೋಡಿಕೊಡುತ್ತ ಅವಳು, "ನಂಗೂ ಒಂದು ಕೋಟು ಹೊಲ್ಕತ್ತೀನಿ. ನೀವು ಒಂದ್ಸಲ ಹಗ್ಗದಾಚೆ ನಿಂತ್ಕಂಡು ನೋಡಿ" ಎಂದಳು. ಕೋಟೆ ಕಾದ ಹೆಂಗಸರು ಇರಲಿಲ್ಲವೇ ಎಂದು ಮೇಷ್ಟ್ರು ಹಿಗ್ಗಿದರು. ನನಗೂ ತಮಾಷೆಯಾಗಿಯೇ ಕಂಡಿತು. ಹೊಂಗನೂರಿನಲ್ಲಿ ಮುಂದಿನ ಯುದ್ಧ ನಡೆದ ದಿನ ಕಡಲೆಕಾಯಿ ಪೊಟ್ಟಣ ಹಿಡಿದು ಮುಂದಿನ ಸಾಲಿನಲ್ಲೇ ನಿಂತೆ. ಎದುರಾಳಿ ಲೋಕೇಶ "ಅಕ್ಕಾ, ಕ್ಷಮಿಸಿ" ಎಂದು ಕೈಮುಗಿದು, ಹಸಿರು ಕತ್ತಿಯಿಂದ ಅವಳ ಬೆನ್ನಿಗೆ ಸುಮ್ಮನೆ ಮುಟ್ಟಿಸಿದ. ವಾದವಿಲ್ಲ, ತಕರಾರಿಲ್ಲ. ರತ್ನ ಸದ್ದಿಲ್ಲದೆ ಬಿದ್ದು, ಮುಖ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿಬಿಟ್ಟಳು. ನಮ್ಮ ಸೈನ್ಯದಲ್ಲಿ ಅಷ್ಟು ಚೆನ್ನಾಗಿ ಸತ್ತವರು ಇನ್ನೊಬ್ಬರಿಲ್ಲ.

ಅದು ಗೊಂಬೆಯ ಕತ್ತಿಯೆಂದು ನನಗೆ ಗೊತ್ತು. ಲೋಕೇಶನಿಗೆ ಇರುವೆ ಹೊಸಕಲೂ ಮನಸ್ಸು ಬಾರದೆಂದು ಗೊತ್ತು. ಇದೆಲ್ಲ ನನ್ನ ತಲೆಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಕಡಲೆಕಾಯಿ ಚೆಲ್ಲಿ, ಹಗ್ಗ ಹಾರಿ, ಎರಡೂ ಸೈನ್ಯಗಳ ನಡುವೆ ಓಡಿಹೋಗಿ ಅವಳ ಪಕ್ಕದಲ್ಲಿ ಕುಸಿದು, "ರತ್ನಾ, ಏ ರತ್ನಾ" ಎಂದು ಭುಜ ಅಲುಗಿಸಿದೆ. ಒಂದು ಕಣ್ಣನ್ನು ಅರ್ಧ ತೆರೆದು ನೋಡಿದಳು.

"ಆಚೆಗೋಗ್ರೀ. ನಾನು ಸತ್ತಿವ್ನಿ, ಕಾಣಕಿಲ್ವಾ?"

ಕಾಣುತ್ತಿತ್ತು. ಮೇಷ್ಟ್ರು ಮೈಕಿನಲ್ಲಿ ರಣರಂಗಕ್ಕೆ ನುಗ್ಗಿದ ಪ್ರೇಕ್ಷಕರು ದಯವಿಟ್ಟು ಹೊರಗೆ ಹೋಗಬೇಕೆಂದು ಕೇಳಿಕೊಳ್ಳುತ್ತಲೇ ಇದ್ದರು. ಕೊನೆಯ ಸೀಟಿ ಊದಿ ಅವಳು ಎದ್ದು ಕೂರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.