ರಗ್ಬಿ ಪಂದ್ಯಕ್ಕೆ ಮಾವ ಇಟ್ಟ ಮುಹೂರ್ತ

ನಮ್ಮ ಸೋದರಮಾವನಿಗೆ ಹೆದರಿಯೇ ದೊಡ್ಡಬಳ್ಳಾಪುರದ ಕಡೆಯ ನಮ್ಮ ವಿಜಯಪುರದಲ್ಲಿ ಸೂರ್ಯ ಹೊತ್ತಿಗೆ ಸರಿಯಾಗಿ ಹುಟ್ಟುತ್ತಾನೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದ, ಹೊರಟ ಹೊತ್ತನ್ನು ಬರೆದುಕೊಳ್ಳುತ್ತಲೇ ನಿವೃತ್ತರಾದವರು ಅವರು. ಕೆಲಸವೇನೋ ಅವರನ್ನು ಬಿಟ್ಟಿತು; ಅವರು ಕೆಲಸವನ್ನು ಬಿಡಬೇಕಲ್ಲ! ನಮ್ಮ ಮನೆಗೆ ಊಟಕ್ಕೆ ಬಂದರೆ, "ಅಕ್ಕಾ, ಸಾರು ಆರು ನಿಮಿಷ ಲೇಟು" ಎನ್ನುತ್ತಲೇ ಎಲೆಯ ಮುಂದೆ ಕೂರುತ್ತಾರೆ. ನೆಂಟರ ಮದುವೆಯೊಂದರಲ್ಲಿ ಪುರೋಹಿತರ ಮೂಗಿನ ಕೆಳಗೆ ವಾಚು ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರ ಕೈಗೆ ನಮ್ಮ ರಗ್ಬಿ ತಂಡ ಸಿಕ್ಕಿಬಿದ್ದದ್ದು ಹೇಗೆ? ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು ಒಂದು ರಗ್ಬಿ ಲೀಗ್ ತಂಡ ಕಟ್ಟಿದರು. ಅದಕ್ಕೆ ಹದಿಮೂರು ಜನ ಬೇಕು. ರೇಷ್ಮೆ ನೂಲು ತೆಗೆಯುವವರು, ಓಲಗ ಊದುವ ಅಣ್ಣತಮ್ಮಂದಿರು, ರೈತರು ಎಲ್ಲ ಸೇರಿ ಹನ್ನೆರಡಾದರು. ಹಾಲಿನ ಡೈರಿಯ ಗುಮಾಸ್ತನಾದ ನಾನು ಹದಿಮೂರನೆಯವನು. ನನ್ನ ಅರ್ಹತೆ ಅಷ್ಟೇ. ಪರವೂರಿಗೆ ಹೋಗಿ ಮೂರು ಪಂದ್ಯ ಸೋತು ಬಂದೆವು. ಆಗ ಪಂದ್ಯಾವಳಿ ನಡೆಸುವವರ ಫೋನು ಬಂತು. ನಿಮ್ಮ ಊರಿನಲ್ಲೂ ಒಂದು ಪಂದ್ಯ ಆಡಿಸಬೇಕು, ವಾರದೊಳಗೆ ತಾರೀಖು ಹೇಳದಿದ್ದರೆ ತಂಡವನ್ನೇ ಕೈಬಿಡುತ್ತೇವೆ ಎಂದರು.

ತಾರೀಖು ಸಿಗಬೇಕಲ್ಲ? ಶಾಲೆಯ ಮೈದಾನ ಕ್ರಿಕೆಟ್ಟಿನವರ ವಶದಲ್ಲಿತ್ತು. ಮದುವೆಯಿದ್ದ ದಿನ ಓಲಗದವರು ಬರುವಂತಿಲ್ಲ. ನಮ್ಮ ಎದುರಾಳಿಗಳಾದ ದಾಬಸ್‌ಪೇಟೆಯವರೆಲ್ಲ ಕಾರ್ಖಾನೆಯವರು. ಒಬ್ಬನಿಗೆ ರಜೆಯಿದ್ದ ದಿನ ಇನ್ನೊಬ್ಬನಿಗೆ ಶಿಫ್ಟು. ಮೇಷ್ಟ್ರು ಕೈಚೆಲ್ಲಿ ಕೂತರು. ನಾನು ಬಾಯಿತಪ್ಪಿ ಇದನ್ನು ಮಾವನ ಮುಂದೆ ಅಂದುಬಿಟ್ಟೆ.

"ಆಟ ಹೆಂಗೆ ಆಡ್ತೀರಾ? ಮೊದ್ಲು ಅದ್ ಹೇಳು" ಎಂದರು.

"ಚೆಂಡನ್ನ ಹಿಂದಕ್ಕೇ ಎಸೀಬೇಕು ಮಾವ. ಆದ್ರೆ ನಾವು ಮುಂದಕ್ಕೆ ಹೋಗ್ಬೇಕು."

"ಗೊತ್ತಾಯ್ತು ಬಿಡು. ಆಫೀಸಲ್ಲಿ ಫೈಲ್ ಹೋದಂಗೆ."

ಪಂಚಾಂಗವನ್ನೂ ದಾಬಸ್‌ಪೇಟೆಯವರ ಶಿಫ್ಟ್ ಪಟ್ಟಿಯನ್ನೂ ಮುಂದಿಟ್ಟುಕೊಂಡು ಮಾವ ಮೂರು ದಿನ ಕೂತರು. ಕೊನೆಗೆ ಧನುರ್ಮಾಸದ ಒಂದು ಭಾನುವಾರ ಗೊತ್ತಾಯಿತು. ಆಗ ಮದುವೆಗಳಿಲ್ಲ, ರಾಗಿ ಕುಯ್ದು ಹೊಲಗಳು ಖಾಲಿ, ಎದುರಾಳಿಗಳಿಗೂ ಬಿಡುವು. ನನ್ನ ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ.

"ಶೂನ್ಯಮಾಸದಲ್ಲಿ ಯಾರಾದ್ರೂ ಶುಭಕಾರ್ಯ ಮಾಡ್ತಾರೇನೋ?"

"ಹದಿಮೂರು ಜನ ಹೋಗಿ ಇನ್ನು ಹದಿಮೂರು ಜನದ ಮೇಲೆ ಬೀಳೋದು ಶುಭಕಾರ್ಯ ಅಂತ ಯಾರಕ್ಕಾ ಹೇಳಿದ್ದು?" ಎಂದರು ಮಾವ.

ಊರಂಚಿನ ಅಜ್ಜಿಯೊಬ್ಬರು ತಮ್ಮ ರಾಗಿ ಹೊಲ ಬಿಟ್ಟುಕೊಡಲು ಒಪ್ಪಿದರು. "ಆಡ್ಕೊಳ್ರಪ್ಪಾ, ಸಂಜೆ ನೀವು ಹೋಗೋವಾಗ ಹೊಲ ಇಲ್ಲೇ ಇದ್ರೆ ಸಾಕು" ಎಂದರು. ಆದರೆ ಕೊಯ್ದ ರಾಗಿಯ ಕೂಳೆ ಮುಳ್ಳಿನಂತೆ ಚುಚ್ಚುತ್ತದೆ. ಮಾವ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ನಾಲ್ಕು ದಿನ ಬೆಳಿಗ್ಗೆ ಕೂಳೆ ಕೀಳಿಸಿದರು. ಮೇಷ್ಟ್ರು ಅದನ್ನೇ ತರಬೇತಿ ಎಂದು ಬರೆದುಕೊಂಡರು.

ಅಷ್ಟಕ್ಕೆ ಮಾವ ಬಿಟ್ಟಾರೆಯೇ? ದಾಬಸ್‌ಪೇಟೆಯ ನಾಯಕನಿಗೆ ಫೋನು ಮಾಡಿ ಬಸ್ಸಿನ ವೇಳಾಪಟ್ಟಿ ಒಪ್ಪಿಸತೊಡಗಿದರು.

"ನಮ್ದೇ ಟೆಂಪೋ ಇದೆ ಸಾರ್" ಎಂದ ಆತ.

"ಟೆಂಪೋಗೂ ಟೈಮ್ ಅಂತ ಒಂದಿರ್ಬೇಕಲ್ಲಪ್ಪಾ. ದೊಡ್ಡಬಳ್ಳಾಪುರದಲ್ಲಿ ಟೀಗೆ ಹನ್ನೆರಡು ನಿಮಿಷ. ಬೋಂಡಾ ತಿಂದ್ರೆ ಹದಿನೈದು."

ಅವರು ಬೋಂಡಾ ತಿನ್ನದೆ ಬಂದರೆಂದು ಕಾಣುತ್ತದೆ. ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಇಳಿದರು. ಬದುವಿನ ತುಂಬ ಜನ. ನಮ್ಮ ಊರಿನಲ್ಲಿ ಇಷ್ಟು ಜನ ನಮ್ಮನ್ನು ನೋಡಲು ಬಂದಾರೆಂದು ನಾವ್ಯಾರೂ ಎಣಿಸಿರಲಿಲ್ಲ. ಹತ್ತು ಗಂಟೆಗೆ ರೆಫರಿ ಸೀಟಿ ಬಾಯಿಗಿಟ್ಟರು. ಮಾವ ಹೊಲದೊಳಕ್ಕೆ ನಡೆದುಬಂದು ಅವರ ಕೈ ಹಿಡಿದರು.

"ಸ್ವಲ್ಪ ತಡೀರಿ ಸಾರ್. ಇನ್ನೊಬ್ರು ಬರೋರಿದ್ದಾರೆ."

ನಾವು ಮುಖ ಮುಖ ನೋಡಿಕೊಂಡೆವು. ಶಾಸಕರೇ? ದಾರಿಯ ಕಡೆ ತಿರುಗಿದರೆ, ನಮ್ಮ ಅತ್ತೆ. ಮಂಡಿ ಆಪರೇಷನ್ ಆದಮೇಲೆ ಐದು ತಿಂಗಳಿಂದ ಹೊಸ್ತಿಲು ದಾಟದಿದ್ದ ಅತ್ತೆ, ಊರುಗೋಲು ಹಿಡಿದು, ಹೊಸ ಸೀರೆ ಉಟ್ಟು, ಹೆಜ್ಜೆ ಎಣಿಸಿ ಎಣಿಸಿ ಬರುತ್ತಿದ್ದರು. ಆಟೋ ಬೇಡವೆಂದು ಹಟ ಹಿಡಿದು ನಡೆದೇ ಹೊರಟಿದ್ದರಂತೆ. ಮಾವ ಎದುರು ಹೋಗಿ ಅವರ ಪಕ್ಕದಲ್ಲಿ, ಅವರಷ್ಟೇ ನಿಧಾನವಾಗಿ ನಡೆದರು. ಇಪ್ಪತ್ತಾರು ಆಟಗಾರರು ಬಿಸಿಲಿನಲ್ಲಿ ನಿಂತು ಕಾದರು. ಯಾರೂ ಗೊಣಗಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತಮೇಲೆ ಮಾವ ಕೊಡೆ ಬಿಡಿಸಿ ಹಿಂದೆ ನಿಂತರು.

ಪಂದ್ಯ ನಾವು ಸೋತೆವು. ಆದರೆ ಎರಡು ಸಲ ಚೆಂಡನ್ನು ಅವರ ಗೆರೆಯಾಚೆ ಊರಿ ಅಂಕ ಗಳಿಸಿದೆವು, ಲೀಗಿನಲ್ಲಿಯೂ ಉಳಿದೆವು. ಎಲ್ಲಕ್ಕೂ ಮೊದಲು ಅಂಕ ಬಂದದ್ದು ಮಾತ್ರ ದಾಬಸ್‌ಪೇಟೆಯವನಿಗೆ. ಅವನನ್ನು ಹಿಡಿಯಲು ಹೋಗಿ ನಾನು ಅತ್ತೆಯ ಕುರ್ಚಿಯ ಹತ್ತಿರವೇ ಮಣ್ಣಿಗೆ ಬಿದ್ದಿದ್ದೆ. ಅತ್ತೆ ಉತ್ಸಾಹದಿಂದ ಚಪ್ಪಾಳೆ ತಟ್ಟುತ್ತಿದ್ದರು.

"ಏನ್ರೀ, ಅವ್ನು ನಮ್ಮೋನೇ ತಾನೇ?"

ಮಾವ ನನ್ನನ್ನೊಮ್ಮೆ ನೋಡಿದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾವೂ ಚಪ್ಪಾಳೆ ತಟ್ಟುತ್ತಾ, "ಹೂಂ ಕಣೇ, ನಮ್ಮೋನೇ" ಎಂದರು.