ಮಲಕ್ಕಾದ ಕಲ್ಲುಗಳು, ನಮ್ಮವರ ಕಾಲುಗಳು

ಹಳೆಯ ಕಟ್ಟಡ ತೋರಿಸುವವರಿಗೆ ಇತಿಹಾಸ ಗೊತ್ತಿದ್ದರೆ ಸಾಕು ಅಂತ ನಾನು ನಂಬಿದ್ದೆ. ನಮ್ಮವರನ್ನು ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು, ಇತಿಹಾಸ ಇಲ್ಲದಿದ್ದರೂ ನಡೆಯುತ್ತದೆ, ತುಟಿ ಕಚ್ಚಿಕೊಳ್ಳುವ ಅಭ್ಯಾಸ ಬೇಕು. ಏನಾದರೊಂದು ಆಗದೆ ನಮ್ಮ ವ್ಯಾನು ವಾಪಸು ಹೊರಟದ್ದೇ ಇಲ್ಲ.

ತೊಂಬತ್ತರ ದಶಕದ ಕೊನೆ. ನಾನು ಮಂಗಳೂರಿನವಳು, ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಮಲಕ್ಕಾಕ್ಕೆ ಎರಡು ಸಲ ಹೋಗಿ ಬಂದವಳು ಎಂಬ ಮಹಾ ಅರ್ಹತೆಯ ಮೇಲೆ ನಮ್ಮ ಕನ್ನಡ ಬಳಗ ನನ್ನನ್ನು ಗೈಡ್ ಮಾಡಿತು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಸರದಿ ಪ್ರಕಾರ ಬಂದು ಆಳಿ, ಸಮುದ್ರದ ದಂಡೆಯಲ್ಲಿ ಒಂದು ತುಂಡು ಯುರೋಪು ಬಿಟ್ಟುಹೋದ ಊರು ಅದು. ಭಾನುವಾರ ಅದನ್ನು ಕಾಲ್ನಡಿಗೆಯಲ್ಲಿ ತೋರಿಸುವುದು ನನ್ನ ಸೇವೆ. ಸಂಬಳ, ಮಾಮಕ್ ಅಂಗಡಿಯಲ್ಲಿ, ಅಂದರೆ ಅಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ತಪಾವ್ ಮಾಡಿಸಿ ಕಟ್ಟಿಸಿಕೊಂಡು ತಂದ ಒಂದು ಪೊಟ್ಟಣ ಅನ್ನ. ಅದೂ ತಣ್ಣಗಾದದ್ದು.

ಕಾಲ್ನಡಿಗೆ, ಕಾರಿನಲ್ಲಿ

ಸೈಬರ್‌ಜಯಾ ಎಂಬ ಕಂಪ್ಯೂಟರ್ ನಗರ ಆಗಷ್ಟೇ ಕಣ್ಣು ಬಿಡುತ್ತಿತ್ತು. ಅಲ್ಲಿಗೆ ಬಂದಿಳಿದಿದ್ದ ಬೆಂಗಳೂರಿನ ಸಾಫ್ಟ್‌ವೇರ್ ತರುಣನೊಬ್ಬ ಫೋನ್ ಮಾಡಿದ.

"ಮೇಡಂ, ಈ ವಾಕಿಂಗ್ ಟೂರಲ್ಲಿ ವಾಕಿಂಗ್ ಕಂಪಲ್ಸರೀನಾ?"

"ಹೆಸರಲ್ಲೇ ಉಂಟಲ್ಲಪ್ಪ."

"ಅಲ್ಲ, ನಾನು ಕಾರಲ್ಲಿ ನಿಧಾನಕ್ಕೆ ಹಿಂದೆ ಬರ್ತೀನಿ. ಗ್ಲಾಸ್ ಇಳಿಸಿರ್ತೀನಿ, ನೀವು ಸ್ವಲ್ಪ ಜೋರಾಗಿ ಹೇಳಿ."

ಹಾಗೇ ಬಂದ. ಮೊದಲ ತಿರುವಿನಲ್ಲೇ ಒನ್‌ವೇ ಅವನನ್ನು ಎಳೆದುಕೊಂಡು ಹೋಯಿತು. ಮತ್ತೆ ಸಿಕ್ಕಿದ್ದು ಊಟದ ಹೊತ್ತಿಗೆ. ಹೇಗಿತ್ತಪ್ಪ ಅಂದೆ.

"ಸೂಪರ್ ಮೇಡಂ! ಆ ಕೆಂಪು ಚರ್ಚನ್ನ ಆರೇಳು ಸಲ ನೋಡಿದೆ. ಪಾರ್ಕಿಂಗ್ ಒಂದು ಸಿಗಲಿಲ್ಲ."

ಡಚ್ಚರು ಸೋತದ್ದೇಕೆ

ಆ ಕೆಂಪು ಚರ್ಚಿನ ಪಕ್ಕದಲ್ಲೇ ಡಚ್ಚರ ಆಡಳಿತ ಭವನ. ದಪ್ಪ ಗೋಡೆ, ದೊಡ್ಡ ಕಿಟಕಿ, ಭಾರದ ಬಾಗಿಲು. ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಬಾಂಗ್ಸಾರ್‌ನಲ್ಲಿದ್ದ ಮ್ಯಾನೇಜರ್ ಸಾಹೇಬರೊಬ್ಬರು ಮಾತ್ರ ಕಟ್ಟಡ ಬಿಟ್ಟು ಸೂರ್ಯನನ್ನೇ ನೋಡುತ್ತಿದ್ದರು.

"ಬಾಗಿಲು ನೈಋತ್ಯಕ್ಕಿದೆ," ಅಂದರು ಕೊನೆಗೆ. "ಅದಕ್ಕೇ ಬಿಟ್ಟು ಓಡಿದ್ದು."

"ಸರ್, ನೂರೈವತ್ತು ವರ್ಷಕ್ಕೂ ಹೆಚ್ಚು ಇದ್ದರು ಅವರು."

"ನೋಡಿ! ವಾಸ್ತು ಸರಿ ಇದ್ದಿದ್ರೆ ಈಗಲೂ ಇರ್ತಿದ್ರು."

ಇನ್ನು ವಾದವೆಂಥದ್ದು? ಅವರ ಸ್ವಂತ ಫ್ಲ್ಯಾಟು ವಾಸ್ತುವಿನಲ್ಲಿ ಅಪ್ಪಟ ಚಿನ್ನ. ಬಾಗಿಲು ಪೂರ್ವಕ್ಕೆ, ಅಡಿಗೆಮನೆ ಆಗ್ನೇಯಕ್ಕೆ. ಮನೆ ಹದಿನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಮಾತ್ರ ಸದಾ ಕೆಟ್ಟಿರುತ್ತಿತ್ತು.

ಉಳಿದ ಬಾಗಿಲು

ಪೋರ್ಚುಗೀಸರ ದೊಡ್ಡ ಕೋಟೆಯಲ್ಲಿ ಈಗ ಉಳಿದಿರುವುದು ಒಂದು ಹೆಬ್ಬಾಗಿಲು. ಮಗಳ ಮನೆಗೆ ಬಂದಿದ್ದ ಮೈಸೂರಿನ ನಿವೃತ್ತ ಎಂಜಿನಿಯರೊಬ್ಬರು ಅದರೊಳಗೆ ಹೊಕ್ಕು ಆಚೆ ಹೊರಬಂದು, ಮತ್ತೆ ಈಚೆ ಬಂದರು.

"ಕೋಟೆ ಎಲ್ಲಮ್ಮಾ?"

"ಇಂಗ್ಲಿಷರು ಒಡೆಸಿದರು ಅಂಕಲ್. ಅಷ್ಟರಲ್ಲಿ ಯಾರೋ ಅಧಿಕಾರಿ, ಇದು ಹಳೆಯ ಸ್ಮಾರಕ, ಉಳಿಸಿ ಅಂತ ತಡೆದರು. ಹಾಗಾಗಿ ಬಾಗಿಲು ಉಳಿಯಿತು."

ಅವರು ಕಲ್ಲನ್ನು ಬೆರಳಿಂದ ತಟ್ಟಿ, ಮೂವತ್ತು ವರ್ಷದ ಅನುಭವವನ್ನೆಲ್ಲ ಮುಖಕ್ಕೆ ತಂದುಕೊಂಡು ನಕ್ಕರು. "ಸ್ಮಾರಕ ಗೀರಕ ಎಲ್ಲ ಆಮೇಲೆ ಬರೆದುಕೊಂಡಿದ್ದು ಕಣಮ್ಮಾ. ಕಾಂಟ್ರಾಕ್ಟರಿಗೆ ಎರಡನೇ ಬಿಲ್ಲು ಪಾಸಾಗಿಲ್ಲ, ಅಷ್ಟೇ."

ಅಚ್ಚ ಕನ್ನಡ

ಮಲೇಷ್ಯಾದಲ್ಲೇ ಬೆಳೆದ ಮಗಳನ್ನು ಕರೆತಂದ ತಾಯಿಯೊಬ್ಬರು ಮೊದಲೇ ಕರಾರು ಹಾಕಿದರು. "ಒಂದೇ ಒಂದು ಇಂಗ್ಲಿಷ್ ಪದ ಬೇಡ. ಮಗೂಗೆ ಭಾಷೆ ಬರಬೇಕು."

ಆಯಿತೆಂದು ಗಾರೆ, ಗೋಡೆ, ಬುರುಜು ಎಂದೆಲ್ಲ ನಾಲಿಗೆ ಒಣಗಿಸಿಕೊಂಡೆ. "ಈ ಕಮಾನು ನೋಡಿ" ಅಂದಾಗ ತಾಯಿ ನನ್ನ ಕಿವಿಯ ಹತ್ತಿರ ಬಂದರು.

"ಸಾರಿ, ಕಮಾನು ಅಂದ್ರೆ ಏನು?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಬೇಸರದಿಂದ, "ಆರ್ಚ್ ಲಾ, ಅಮ್ಮಾ. ಕ್ಯಾನ್ ವೀ ಮಕಾನ್ ನೌ?" ಅಂದಿತು. ಊಟಕ್ಕೆ ಹೋಗೋಣವೇ ಅಂತ; 'ಲಾ' ಅಲ್ಲಿಯವರ ಮಾತಿಗೆಲ್ಲ ಅಂಟುವ ಬಾಲ.

ತಾಯಿಯ ಕಣ್ಣು ಹೆಮ್ಮೆಯಿಂದ ಅರಳಿತು. "ನೋಡಿದ್ರಾ, ಎಷ್ಟು ಚೆನ್ನಾಗಿ ಕನ್ನಡ ಬರುತ್ತೆ!"

ಮೂಲಪುರುಷ

ನಮ್ಮ ಮಂಗಳೂರಿನ ಕ್ರೈಸ್ತರ ಮನೆಹೆಸರುಗಳು ಪೋರ್ಚುಗೀಸ್ ಪಾದ್ರಿಗಳು ದೀಕ್ಷಾಸ್ನಾನದ ಹೊತ್ತಿಗೆ ಕೊಟ್ಟುಹೋದವು. ಹೆಸರು ಕೊಟ್ಟರು, ರಕ್ತ ಕೊಡಲಿಲ್ಲ. ಇದು ಎಲ್ಲರಿಗೂ ಗೊತ್ತು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಮ್ಮೂರಿನ ಒಬ್ಬ ಮಹನೀಯರಿಗೆ ಬಿಟ್ಟು. ಅವರು ಲಿಸ್ಬನ್ನಿನಿಂದ ನೇರ ಇಳಿದವರು. ಬಣ್ಣ ಮಾತ್ರ ದಾರಿಯಲ್ಲಿ ಬಿಸಿಲಿಗೆ ಸ್ವಲ್ಪ ಕಂದಿತ್ತು.

ಗುಡ್ಡದ ಮೇಲೆ ಸೂರಿಲ್ಲದ ಹಳೆಯ ಚರ್ಚು. ಒಳಗೆ ಗೋಡೆಗೆ ಒರಗಿಸಿಟ್ಟ ಆಳೆತ್ತರದ ಗೋರಿಕಲ್ಲುಗಳು. ಒಂದರ ಮುಂದೆ ಮಹನೀಯರು ಕಿರುಚಿದರು.

"ಸಿಕ್ಕಿತು! ನಮ್ಮ ಮನೆಹೆಸರು! ನೋಡಿ ಮಾರಾಯ್ರೆ, ಇವರೇ ನಮ್ಮ ಮೂಲಪುರುಷ. ನಮ್ಮ ಅಜ್ಜನಿಗೂ ಇಂಥದ್ದೇ ಹೆಸರು ಇತ್ತು!"

ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಎಲ್ಲರನ್ನೂ ಮಂಡಿಯೂರಿಸಿದರು. ಅತ್ತೆಗೆ ಮಂಡಿನೋವು, ಆದರೂ ಅಳಿಯನ ವಂಶದ ಮುಂದೆ ಮಂಡಿಯ ಮಾತೆಲ್ಲಿ? ದೊಡ್ಡ ದನಿಯಲ್ಲಿ ಪ್ರಾರ್ಥನೆ ನಡೆಯಿತು. ಮಹನೀಯರು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಿಜವಾದ ಕಣ್ಣೀರು. ನನ್ನ ಕೈಗೆ ಕ್ಯಾಮೆರಾ ಕೊಟ್ಟು, ಮೂಗು ಮತ್ತು ಕಲ್ಲು ಎರಡೂ ಬರುವ ಹಾಗೆ ಪಕ್ಕದಿಂದ ತೆಗೆಯಲು ಹೇಳಿದರು. ಮೂಗಿನಲ್ಲಿ ಹೋಲಿಕೆ ಇರುತ್ತದಂತೆ. ಕಲ್ಲಿನ ಮೇಲೆ ಮೂಗು ಇರಲಿಲ್ಲ, ಇರಲಿ.

ಅಷ್ಟರಲ್ಲಿ ಬಿಳಿಯ ಪ್ರವಾಸಿಗರ ಗುಂಪಿನೊಂದಿಗೆ ಅಲ್ಲಿಯ ಅಧಿಕೃತ ಗೈಡ್ ಬಂದ. ಮಹನೀಯರು ಅವನನ್ನು ತಡೆದು, "ಇವರ ಬಗ್ಗೆ ಹೇಳಿ, ಇವರು ನಮ್ಮ ಪೂರ್ವಜರು" ಅಂತ ಇಂಗ್ಲಿಷಿನಲ್ಲಿ, ಬಿಳಿಯರಿಗೂ ಕೇಳುವ ಹಾಗೆ ಅಂದರು. ಗೈಡ್ ಕಲ್ಲು ಓದಿದ. ಇವರನ್ನು ಓದಿದ. ಮತ್ತೆ ಕಲ್ಲು ಓದಿದ.

"ಸರ್, ಇವರು ಫಾದರ್."

"ಹೌದು ಹೌದು, ಫೋರ್‌ಫಾದರ್!"

"ಅಲ್ಲ ಸರ್, ಚರ್ಚ್ ಫಾದರ್ ಲಾ. ಪಾದ್ರಿ. ಹದಿಹರೆಯದಲ್ಲೇ ಮಠ ಸೇರಿ, ಬ್ರಹ್ಮಚಾರಿಯಾಗಿಯೇ ತೀರಿಕೊಂಡರಂತೆ. ಬಹಳ ಪವಿತ್ರ ಮನುಷ್ಯ ಅಂತ ಬರೆದಿದೆ."

ಬಿಳಿಯರ ಗುಂಪು ಮರ್ಯಾದೆಯಿಂದ ಆಕಾಶ ನೋಡತೊಡಗಿತು. ಅತ್ತೆ ನಿಧಾನಕ್ಕೆ ಮಂಡಿ ಬಿಡಿಸಿಕೊಂಡು ಎದ್ದರು.

ಮನೆಯಲ್ಲಿ ಗಂಡನೊಡನೆ ಕೊಂಕಣಿ ಬಿಟ್ಟು ಬೇರೆ ಆಡದ ಆ ಹೆಂಡತಿ, ಅವತ್ತು ನಮಗೆಲ್ಲ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದರು:

"ಆದದ್ದು ಆಯಿತು ಮಾರಾಯ್ರೆ. ಇಂಥದ್ದನ್ನೆಲ್ಲ ಕುಟುಂಬದವರು ನಾನೂರು ವರ್ಷ ಮುಚ್ಚಿಟ್ಟಿದ್ದರು. ನಿಮಗೆ ಎಂತಕ್ಕೆ ಬೇಕಿತ್ತು?"