ನಾಲ್ಕು ಗಂಟೆಯ ತಿದ್ದುಪಡಿ

ಎಂಟು ಟನ್ ನೀರು ಕುಡಿದ ಬಾಯ್ಲರು ಒಂಬತ್ತು ಟನ್ ಆವಿ ಬಿಟ್ಟಿತು ಎಂದು ಆವಿ ಅಳೆಯುವ ಮೀಟರಿನ ಪೆಟ್ಟಿಗೆ ತೋರಿಸಿದ್ದೇ ತಡ, ಕಾಗದದ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಮೀಟರಪ್ಪನ್ನ ಕರೀರಿ!"

ಮೀಟರು ರಿಪೇರಿ ಮಾಡುವ ಮೀಟರಪ್ಪನಿಗೆ ಇವತ್ತೇ ಇದು ಬರಬೇಕೆ? ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ಇವತ್ತು ಮನೆಗೆ ಕಳಿಸುತ್ತಾರೆ. "ನಾಲ್ಕು ಗಂಟೆಗೆ ಬಂದುಬಿಡಿ" ಎಂದಿದ್ದಳು. ಆಪರೇಷನ್ ದಿನ ಇವನು ಯಾವುದೋ ವಾಲ್ವು ಬಿಚ್ಚುತ್ತ ಕೂತು ತಡವಾಗಿ ಓಡಿದ್ದ. ಪಾಪ, ಆಕೆ ಬಾಗಿಲ ಕಡೆ ನೋಡುತ್ತಲೇ ಒಳಗೆ ಹೋದಳಂತೆ.

"ಲೆಕ್ಕ ಸರಿಹೋಗೋವರೆಗೂ ಗೇಟು ದಾಟೋ ಹಾಗಿಲ್ಲ" ಎಂದರು ಮ್ಯಾನೇಜರು.

ಆ ಪೆಟ್ಟಿಗೆಯೇನು ಕಡಿಮೆಯದಲ್ಲ. ಪೈಪಿನೊಳಗೆ ಅಡ್ಡವಿಟ್ಟ ತೂತಿನ ತಟ್ಟೆ ದಾಟುವಾಗ ಒತ್ತಡ ಎಷ್ಟು ಇಳಿಯಿತೆಂದು ಒಂದು ಸೆನ್ಸರು ಹೇಳುತ್ತದೆ. ಆವಿಯ ಒತ್ತಡವನ್ನು ಇನ್ನೊಂದು, ಶಾಖವನ್ನು ಮತ್ತೊಂದು. ಬಿಸಿ ಏರಿದರೆ ಆವಿ ತೆಳು, ಇಳಿದರೆ ದಟ್ಟ. ಮೂವರ ಮಾತನ್ನೂ ಕೇಳಿ, ಇಷ್ಟಕ್ಕೆ ಇಷ್ಟು ಎಂದು ತಿದ್ದಿಯೇ ಅದು ಟನ್ನಿನ ಲೆಕ್ಕ ಹೇಳುವುದು. ಮೂವರಲ್ಲಿ ಒಬ್ಬ ಸುಳ್ಳು ಹೇಳಿದರೂ ಮುಗ್ಧವಾಗಿ ನಂಬಿಬಿಡುತ್ತದೆ.

ಇವತ್ತು ಶಾಖ ತೀರಾ ಕಡಿಮೆ ಕಾಣುತ್ತಿತ್ತು; ಆವಿ ದಟ್ಟವೆಂದು ನಂಬಿ ಪೆಟ್ಟಿಗೆ ಒಂದು ಟನ್ ಹೆಚ್ಚು ಹೇಳುತ್ತಿತ್ತು. ಮೀಟರಪ್ಪ ಏಣಿ ಹತ್ತಿ ನೋಡಿದರೆ, ಪೈಪಿನ ಒಳಗಿರಬೇಕಾದ ಸೆನ್ಸರು ಹೊರಮೈಗೆ ಬಟ್ಟೆ ಸುತ್ತಿಸಿಕೊಂಡು ಕೂತಿದೆ!

"ನಾನೇ ಕಟ್ಟಿದ್ದು ತಮ್ಮಾ" ಎಂದ ಕೆಳಗಿನಿಂದ ಬಾಯ್ಲರು ನೋಡಿಕೊಳ್ಳುವ ಬಾಯ್ಲರಣ್ಣ. "ಒಳಗೆ ಬಿಸಿ ಜಾಸ್ತಿ, ಸುಟ್ಟುಹೋದ್ರೆ ನಿನಗೇ ಕೆಲಸ. ಇವತ್ತಾದ್ರೂ ನೀನು ಬೇಗ ಹೋಗೋ ಹಾಗಾಗ್ಲಿ ಅಂತ."

"ಅಯ್ಯೋ ಅಣ್ಣಾ, ಎಂಥಾ ಉಪಕಾರ ಮಾಡಿದೆಯಪ್ಪ!"

ಸೆನ್ಸರನ್ನು ಒಳಗೆ ಕೂರಿಸಿ ಇಳಿಯುವಷ್ಟರಲ್ಲಿ ಎರಡೂವರೆ. ಪೆಟ್ಟಿಗೆ ನೋಡಿದರೆ ಏಳು ಟನ್! ಹೋದ ಒಂದು ಟನ್ ಎಲ್ಲಿ? ವೈರು ಎಳೆದ, ನಟ್ಟು ಬಿಗಿದ, ತಲೆ ಕೆರೆದುಕೊಂಡ. ಏನೂ ಹೊಳೆಯಲಿಲ್ಲ. ಮೂರೂಕಾಲಾಯಿತು.

ಆಗ ಕಂಟ್ರೋಲ್ ರೂಮಿನ ಅಕ್ಕ ಸೆರಗಿನ ತುದಿ ತಿರುಚುತ್ತ ಬಂದಳು. "ಬೈಬೇಡಪ್ಪಾ. ಒಂಬತ್ತು ಬರ್ತಿತ್ತಲ್ಲ, ನೀನು ಏಣಿ ಮೇಲಿದ್ದಾಗ ಎಂಟು ಬರೋ ಹಾಗೆ ಪೆಟ್ಟಿಗೆ ಲೆಕ್ಕದೊಳಗೊಂದು ಗುಣಾಕಾರ ಹಾಕ್ಬಿಟ್ಟೆ. ನಿನ್ನ ಹೆಂಡ್ತಿ ಕಾಯ್ತಿರ್ತಾಳೆ ಅಂತ..."

ಅವನು ಪೆಟ್ಟಿಗೆಗೆ ಕೈ ಹಾಕಿದ. ಗುಣಾಕಾರ ಅಳಿಸಿದ, ಎಂಟಕ್ಕೆ ಎಂಟು ಕೂತಿತು. ಮೀಟರಪ್ಪ ಕಾಲಿಗೆ ಬುದ್ಧಿ ಹೇಳಿದ.

ವಾರ್ಡಿನ ಬಾಗಿಲಿಗೆ ಬಂದಾಗ ನಾಲ್ಕಕ್ಕೆ ಇನ್ನೂ ಎರಡು ನಿಮಿಷ. ಹೆಂಡತಿ ಆಸ್ಪತ್ರೆಯ ಬಟ್ಟೆಯಲ್ಲೇ ಮಲಗಿದ್ದಳು. ಇವನನ್ನು ಕಂಡು ಗಾಬರಿಯಾದಳು. "ಏನ್ರೀ, ಕೆಲಸ ಹೋಯ್ತಾ?"

"ನಾಲ್ಕಕ್ಕೆ ಬಾ ಅಂದೆಯಲ್ಲೇ!"

"ನಿಮಗೆ ನಾಲ್ಕು ಅಂದ್ರೆ ಆರು. ಇಪ್ಪತ್ತೆರಡು ವರ್ಷದಿಂದ ನೋಡಿಲ್ವಾ? ಆಸ್ಪತ್ರೆಯವರು ಬಿಡೋದು ಆರಕ್ಕೆ, ಅದಕ್ಕೇ ನಾಲ್ಕು ಅಂದಿದ್ದೆ. ಮತ್ತೆ ಬಾಗಿಲು ನೋಡ್ಕೊಂಡು ಕಾಯೋಕೆ ನನ್ನ ಕೈಲಾಗಲ್ಲ ರೀ."

ಅವನು ಮಂಚದ ಪಕ್ಕ ಕೂತ. "ಇವತ್ತು ಬಂದೆನಲ್ಲ. ಇನ್ನಾದ್ರೂ ಆ ಲೆಕ್ಕ ಬಿಡು."

"ಒಂದಿನ ಸರಿ ತೋರಿಸ್ತು ಅಂತ ನೀವು ಮೀಟರನ್ನ ನಂಬ್ತೀರಾ?" ಎಂದು ನಗುತ್ತ ಅವನ ಕೈ ಹಿಡಿದಳು.

ಅಷ್ಟರಲ್ಲಿ ನರ್ಸಮ್ಮ ಬಂದರು. "ಹೆಂಗಸರ ವಾರ್ಡು ಇದು. ಆರರವರೆಗೆ ಹೊರಗಿರಿ."

ಮೀಟರಪ್ಪ ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದ, ಮುಚ್ಚಿದ ಬಾಗಿಲನ್ನೇ ನೋಡುತ್ತ.